ಬಾಣ ಕೆಳಗೆ, ಹೊಳೆ ಮೇಲಕ್ಕೆ

ಕೊರೊನಾದ ಗಲಾಟೆ ಮುಗಿದ ಮೇಲೆ ಬಂದ ಎರಡನೆಯ ಮಳೆಗಾಲ. ನಾನಾಗ ಪುತ್ತೂರಿನ ದರ್ಬೆಯಲ್ಲಿದ್ದ ಒಂದು ಸಣ್ಣ ಉಪಕರಣ ಕಂಪನಿಯಲ್ಲಿ ಸೀನಿಯರ್ ಫರ್ಮ್‌ವೇರ್ ಎಂಜಿನಿಯರ್ ಆಗಿದ್ದೆ. ಫರ್ಮ್‌ವೇರ್ ಎಂದರೆ ಯಂತ್ರದೊಳಗಿನ ಚಿಪ್‌ನಲ್ಲಿ ಕುಳಿತು ಆ ಯಂತ್ರವನ್ನು ನಡೆಸುವ ಪ್ರೋಗ್ರಾಂ. ನಾವು ತಯಾರಿಸುತ್ತಿದ್ದದ್ದು ಹೊಳೆಯ ನೀರಿನ ಮಟ್ಟ ಅಳೆಯುವ ಉಪಕರಣ. ಸುಳ್ಯ, ಕಡಬ ತಾಲೂಕುಗಳ ಹಲವು ಹೊಳೆಬದಿಗಳಲ್ಲಿ, ಮಂಡೆಕೋಲಿನಿಂದ ಗುಂಡ್ಯದವರೆಗೆ, ಕಂಬದ ಮೇಲೆ ಕುಳಿತು ಅವು ನೀರನ್ನು ನೋಡುತ್ತಿದ್ದವು.

ಗುಂಡ್ಯದ ಕಂಬಕ್ಕೆ ಒಂದು ವಿಶೇಷ ಹೊಣೆ ಇತ್ತು. ಅಲ್ಲಿಂದ ಕೆಳಗೆ, ಕಡಬ ತಾಲೂಕಿನ ಒಂದು ಊರಿನಲ್ಲಿ, ಹೊಳೆಗೆ ಅಡ್ಡವಾಗಿ ಹಳೆಯದೊಂದು ತಗ್ಗು ಸೇತುವೆ ಇದೆ. ಊರಿನ ಹೆಸರು ಬೇಡ. ಮಳೆಗಾಲದಲ್ಲಿ ಮುಳುಗುವ, ಮುಳುಗಿ ಏಳುವ ಸೇತುವೆ. ಘಟ್ಟದಲ್ಲಿ ಮಳೆ ಸುರಿದರೆ ಆ ನೀರು ಸೇತುವೆಗೆ ಬಂದು ಮುಟ್ಟಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಆ ಸ್ವಲ್ಪ ಹೊತ್ತೇ ನಮ್ಮ ಉಪಕರಣದ ಬಂಡವಾಳ. ಗುಂಡ್ಯದ ಕಂಬ ಐದೈದು ನಿಮಿಷಕ್ಕೆ ನೀರಿನ ಮಟ್ಟ ಅಳೆದು ರೇಡಿಯೊ ಮೂಲಕ ಸೇತುವೆ ಬದಿಯ ಕಾವಲು ಕೋಣೆಗೆ ಕಳಿಸುತ್ತಿತ್ತು. ಅಲ್ಲಿನ ಪುಟ್ಟ ಪರದೆಯಲ್ಲಿ ಎರಡು ಸಂಗತಿ ಕಾಣುತ್ತಿದ್ದವು: ಈಗಿನ ಮಟ್ಟ ಎಷ್ಟು ಮೀಟರ್ ಎಂಬ ಅಂಕಿ, ಮತ್ತು ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಹೇಳುವ ಒಂದು ಬಾಣ. ಮೂರು ಮೀಟರ್ ದಾಟಿದರೆ ಕೆಂಪು ದೀಪ. ದಾಟುವ ಮೊದಲೇ ಬಾಣ ಮೇಲಕ್ಕಿದ್ದರೂ ಕಾವಲಿನವರು ರಸ್ತೆಗೆ ಚೈನ್ ಹಾಕಬೇಕು. ಬಾಣ ಕೆಳಗಿದ್ದು ಅಂಕಿ ಮೂರರೊಳಗೆ ಇದ್ದರೆ ಚೈನ್ ತೆಗೆಯಬಹುದು.

ಆ ದಿನ ಬೆಳಿಗ್ಗೆ ನಾನು ಸೇತುವೆಗೆ ಹೋದದ್ದು ಕಾವಲು ಕೋಣೆಯ ಹಳೆಯ ಬ್ಯಾಟರಿ ಬದಲಿಸಲು. ನಮ್ಮ ಫೀಲ್ಡ್ ಟೆಕ್ನೀಶಿಯನ್ ಕುಶಾಲಪ್ಪ ಗುಂಡ್ಯದ ಕಂಬಕ್ಕೆ ಹೋಗಿದ್ದ, ಸೆನ್ಸರ್ ಕೆಳಗೆ ಕಟ್ಟಿದ ಜೇಡರಬಲೆ ತೆಗೆಯಲು. ಹಿಂದಿನ ದಿನ ಜೋರು ಮಳೆಯಾಗಿ ಸೇತುವೆ ಮುಚ್ಚಿತ್ತು. ಬೆಳಗಾಗುವಾಗ ನೀರು ಇಳಿದು ಸೇತುವೆಯ ಹಾಸು ಒಣಗತೊಡಗಿತ್ತು. ಊರಲ್ಲಿ ಹಸಿ ಬಿಸಿಲು. ಚೈನಿನ ಈಚೆ ಜೀಪು, ರಿಕ್ಷಾ, ಬೈಕುಗಳು ಸಾಲು ನಿಂತಿದ್ದವು.

ಕಾವಲಿನಲ್ಲಿದ್ದವರು ಪದ್ಮನಾಭ. ಐವತ್ತರ ಮೇಲಿನ ವಯಸ್ಸು, ಮಾತು ಕಡಿಮೆ. ಹಿಂದಿನ ವಾರ ಸುಮ್ಮನೆ ಚೈನ್ ಹಾಕಿ ಜನರನ್ನು ಕಾಯಿಸಿದಿರಿ ಎಂದು ಮೇಲಿನವರಿಂದ ಬೈಸಿಕೊಂಡಿದ್ದರು. ನಾನು ಬ್ಯಾಟರಿ ಜೋಡಿಸಿ ಏಳುವಾಗ ಅವರು ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದರು.

“ಚೈನ್ ತೆಗೀಲಾ ಮೇಡಂ? ಬಾಣ ಕೆಳಗೆ ಉಂಟು.”

ಪರದೆ ನೋಡಿದೆ. ಅಂಕಿ 1.4, ಬಾಣ ಕೆಳಗೆ. ಸರಿಯಾಗಿಯೇ ಇತ್ತು. “ತೆಗೀರಿ” ಎನ್ನಲು ಬಾಯಿ ತೆರೆದೆ. ಆದರೆ ನಾನು ಕೋಣೆಗೆ ಬಂದಾಗ ಅಂಕಿ 1.2 ಇದ್ದದ್ದು ನೆನಪಿಗೆ ಬಂತು. ಇಳಿಯುತ್ತಿರುವ ನೀರು 1.2ರಿಂದ 1.4ಕ್ಕೆ ಹೇಗೆ ಬರುತ್ತದೆ? “ಇನ್ನೊಂದು ರೀಡಿಂಗ್ ಬರಲಿ, ಆಮೇಲೆ ತೆಗೆಯುವ” ಎಂದೆ.

ಐದು ನಿಮಿಷ ಕಳೆಯುವುದೇ ಕಷ್ಟವಾಯಿತು. ಹೊರಗೆ ಹಾರ್ನ್ ಶುರುವಾಗಿತ್ತು. ಪರದೆ ಮಿನುಗಿ ಹೊಸ ಅಂಕಿ ಬಂತು: 1.6. ಬಾಣ ಈಗಲೂ ಕೆಳಗೆ.

ಒಂದೇ ಯಂತ್ರ ಒಂದೇ ಹೊತ್ತಿಗೆ ಎರಡು ಮಾತು ಹೇಳುತ್ತಿತ್ತು. ಯಾವುದು ಸುಳ್ಳು? ಸೆನ್ಸರ್ ಈಗಷ್ಟೇ ಹಾಳಾಗಿದ್ದರೆ ಅಂಕಿ ಸುಳ್ಳು, ಒಂದು ಗಂಟೆಯ ಲೆಕ್ಕ ನೋಡಿ ತಿರುಗುವ ಬಾಣ ನಿಜ. ನೀರಿನ ಮೇಲೆ ನೊರೆ ಬಂದರೆ, ಕೊಂಬೆ ಸಿಕ್ಕಿಕೊಂಡರೆ ಸೆನ್ಸರ್ ಮೋಸ ಹೋಗುವುದುಂಟು. ಅಥವಾ ಲೆಕ್ಕ ಹಾಕುವ ಪ್ರೋಗ್ರಾಂ ತಪ್ಪಿದ್ದರೆ ಬಾಣ ಸುಳ್ಳು, ಅಂಕಿ ನಿಜ. ಮೊದಲನೆಯದಾದರೆ ಸೇತುವೆ ತೆರೆಯಬಹುದು. ಎರಡನೆಯದಾದರೆ ಘಟ್ಟದಿಂದ ನೀರು ಹೊರಟಾಗಿದೆ. ಕುಶಾಲಪ್ಪನಿಗೆ ಫೋನ್ ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗೆ. ಮತ್ತೆ ಮಾಡಿದೆ. ಅದೇ ಉತ್ತರ.

ಅಷ್ಟರಲ್ಲಿ ಸಾಲಿನ ಮೊದಲ ಜೀಪಿನಿಂದ ಒಬ್ಬರು ಇಳಿದು ಬಂದರು. ಲೋಕಯ್ಯ ಗೌಡರು, ಅದೇ ಊರಿನವರು. ಜೀಪಿನ ಮುಂದಿನ ಸೀಟಿನಲ್ಲಿ ಅವರ ಹೆಂಡತಿ ಜಾನಕಿ ಕಿಟಕಿಗೆ ತಲೆ ಆನಿಸಿ ಕುಳಿತಿದ್ದರು. ಮುಖ ಊದಿತ್ತು, ಪಾದ ಚಪ್ಪಲಿಯೊಳಗೆ ಹಿಡಿಯುತ್ತಿರಲಿಲ್ಲ.

“ಎಂತ ಮೇಡಂ ಇದು? ಪುತ್ತೂರಿಗೆ ಡಯಾಲಿಸಿಸಿಗೆ ಹೋಗುದು ನಾವು. ನಿನ್ನೆ ಹೋಗ್ಬೇಕಿತ್ತು, ಹೊಳೆ ಬಿಡ್ಲಿಲ್ಲ. ಇವತ್ತು ನೀವಾ?”

“ಸ್ವಲ್ಪ ತಡೀರಿ ಗೌಡ್ರೆ, ಒಂದು ಸಂಶಯ ಉಂಟು.”

“ಮಳೆಯೇ ಇಲ್ಲ ಮಾರಾಯ್ರೆ! ಎಂತ ಸಂಶಯ? ಹೊಳೆ ನೋಡಿ, ಅಡಿ ಕಲ್ಲು ಕಾಣ್ತದೆ.”

ನಿಜ. ಸೇತುವೆಯ ಕೆಳಗೆ ನೀರು ತಿಳಿಯಾಗಿ ಹರಿಯುತ್ತಿತ್ತು. ಪೂರ್ವಕ್ಕೆ ಘಟ್ಟದ ಕಡೆ ಮಾತ್ರ ಆಕಾಶ ಕಪ್ಪಿಟ್ಟಿತ್ತು, ಆದರೆ ಆಷಾಢದಲ್ಲಿ ಅದು ದಿನವೂ ಕಪ್ಪೇ.

ನಾನು ಲ್ಯಾಪ್‌ಟಾಪ್ ತೆರೆದು ಕಾವಲು ಕೋಣೆಯ ಪೆಟ್ಟಿಗೆಗೆ ಕೇಬಲ್ ಚುಚ್ಚಿದೆ. ಗುಂಡ್ಯದಿಂದ ಬರುವ ಪ್ರತಿ ಸಂದೇಶದಲ್ಲೂ ಹಿಂದಿನ ಒಂದು ಗಂಟೆಯ ಹನ್ನೆರಡು ರೀಡಿಂಗ್‌ಗಳು ಇರುತ್ತವೆ. ಹಳೆಯದು ಮೊದಲು, ಹೊಸದು ಕೊನೆಗೆ. ಮೊದಲ ಅರ್ಧ ಗಂಟೆಯ ಸರಾಸರಿಗಿಂತ ಎರಡನೆಯ ಅರ್ಧ ಗಂಟೆಯದು ಹೆಚ್ಚಿದ್ದರೆ ಬಾಣ ಮೇಲಕ್ಕೆ, ಕಡಿಮೆ ಇದ್ದರೆ ಕೆಳಕ್ಕೆ. ಇಷ್ಟೇ ಅದರ ಲೆಕ್ಕ.

ಮುಂದಿನ ಸಂದೇಶ ಬಂತು. ಕೊನೆಯ ಅಂಕಿ 1.9. ಅದರ ಹಿಂದೆ 1.6 ಇರಬೇಕು, ನಾನು ಕಣ್ಣಾರೆ ಕಂಡದ್ದು. ಇದ್ದದ್ದು 1.1. ಹಾಗಾದರೆ 1.6 ಎಲ್ಲಿ? ಹುಡುಕಿದೆ. ಸಾಲಿನ ಮುಂಭಾಗದಲ್ಲಿ, ಒಂದು ಗಂಟೆ ಹಿಂದಿನ ರೀಡಿಂಗ್‌ಗಳು ಇರಬೇಕಾದ ಜಾಗದಲ್ಲಿ ಕುಳಿತಿತ್ತು. ಕಲಸಿದ ಇಸ್ಪೀಟಿನಂತೆ ಹೊಸ ಅಂಕಿಗಳು ಮುಂದೆ, ಹಳೆಯವು ಹಿಂದೆ. ದೊಡ್ಡ ಅಂಕಿಗಳೆಲ್ಲ ಮುಂದಕ್ಕೆ ಬಂದದ್ದರಿಂದ ಲೆಕ್ಕಕ್ಕೆ ನೀರು ಇಳಿದಂತೆ ಕಂಡಿತ್ತು.

ಇಲ್ಲಿ ಸ್ವಲ್ಪ ತಾಂತ್ರಿಕ ವಿವರ ಹೇಳಬೇಕು. ನಮ್ಮ ಚಿಪ್‌ನಲ್ಲಿ ಜಾಗ ಬಹಳ ಕಡಿಮೆ. ಹಾಗಾಗಿ ರೀಡಿಂಗ್‌ಗಳನ್ನು ‘ರಿಂಗ್ ಬಫರ್’ ಎಂಬ ವ್ಯವಸ್ಥೆಯಲ್ಲಿ ಇಡುತ್ತೇವೆ. ಗೂಡುಗಳ ಒಂದು ಸಾಲು. ಎಲ್ಲ ಗೂಡು ತುಂಬಿದ ಮೇಲೆ ಹೊಸ ರೀಡಿಂಗ್ ಬಂದು ಅತ್ಯಂತ ಹಳೆಯದರ ಜಾಗದಲ್ಲಿ ಕೂರುತ್ತದೆ. ಮುಂದಿನದು ಎಲ್ಲಿ ಕೂರಬೇಕು ಎಂಬುದಕ್ಕೆ ಒಂದು ಗುರುತು ಇರುತ್ತದೆ. ಐದೇ ಗೂಡು ಎಂದಿಟ್ಟುಕೊಂಡರೆ, ಸಾಲು ಒಂದು ಹೊತ್ತಿನಲ್ಲಿ 4, 5, 1, 2, 3 ಎಂದಿರಬಹುದು. ಕಳಿಸುವಾಗ ಅದು 1, 2, 3, 4, 5 ಎಂದು ಹೋಗಬೇಕು. ಸಾಲನ್ನು ಗುರುತಿನ ಹತ್ತಿರ ಕತ್ತರಿಸಿ, ಹಿಂದಿನ ತುಂಡನ್ನು ಮುಂದೆ ತರಬೇಕು.

ಇದಕ್ಕೆ ನಾವು ಹೊಸದಾಗಿ ಏನೂ ಬರೆಯಬೇಕಿಲ್ಲ. ಸಿ ಪ್ಲಸ್ ಪ್ಲಸ್ ಭಾಷೆಯ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲೇ ಸಿದ್ಧ ಅಲ್ಗಾರಿದಮ್‌ಗಳಿವೆ. ಒಂದು ‘ರೊಟೇಟ್’. ಅದು ಇದ್ದ ಸಾಲನ್ನೇ ಇದ್ದಲ್ಲೇ ತಿರುಗಿಸುತ್ತದೆ. ಇನ್ನೊಂದು ‘ರೊಟೇಟ್ ಕಾಪಿ’. ಅದು ಮೂಲ ಸಾಲನ್ನು ಮುಟ್ಟುವುದಿಲ್ಲ. ತಿರುಗಿಸಿದ ರೂಪವನ್ನು ಬೇರೆ ಕಡೆ ಪ್ರತಿ ಮಾಡಿಕೊಡುತ್ತದೆ. ನಮ್ಮ ಪ್ರೋಗ್ರಾಂನಲ್ಲಿ ಇದ್ದದ್ದು ರೊಟೇಟ್ ಕಾಪಿ. ಇತ್ತೀಚೆಗೆ ಆ ಪ್ರೋಗ್ರಾಂಗೆ ಹೊಸ ಸೌಲಭ್ಯವೊಂದನ್ನು ಸೇರಿಸುವ ಕೆಲಸವನ್ನು ನನ್ನ ಸಹೋದ್ಯೋಗಿ ಹರ್ಷಿತಾ ಮಾಡಿದ್ದಳು, ನಾನು ಬೇರೊಂದು ಕೆಲಸಕ್ಕೆ ಮಂಗಳೂರಿನಲ್ಲಿದ್ದಾಗ. ಅವಳಿಗೆ ಫೋನ್ ಹಚ್ಚಿದೆ. ಪುಣ್ಯಕ್ಕೆ ಎತ್ತಿದಳು.

“ಹರ್ಷಿತಾ, ರೀಡಿಂಗ್ ಕಳಿಸುವಲ್ಲಿ ರೊಟೇಟ್ ಕಾಪಿ ಹಾಗೇ ಉಂಟಾ?”

“ಇಲ್ಲ ಅಕ್ಕ, ಮೆಮೊರಿ ಸಾಕಾಗ್ಲಿಲ್ಲ. ಪ್ರತಿ ಇಡ್ಲಿಕ್ಕೆ ಜಾಗ ಇಲ್ಲ ಅಂತ ಬರೀ ರೊಟೇಟ್ ಮಾಡಿದ್ದೇನೆ.”

“ಗುರುತನ್ನು ಸೊನ್ನೆಗೆ ತಂದಿದ್ದೀಯಾ?”

ಆ ಕಡೆ ಕೀಬೋರ್ಡ್ ಕುಟ್ಟಿದ ಸದ್ದು. ಆಮೇಲೆ ಸಣ್ಣ ದನಿ, “ಅಯ್ಯೋ.”

ಅಷ್ಟು ಸಾಕಿತ್ತು. ಸಾಲನ್ನೇ ತಿರುಗಿಸಿದ ಮೇಲೆ ಅತ್ಯಂತ ಹಳೆಯ ರೀಡಿಂಗ್ ಮೊದಲ ಗೂಡಿಗೆ ಬಂದಿರುತ್ತದೆ. ಗುರುತು ಮಾತ್ರ ಹಳೆಯ ಜಾಗದಲ್ಲೇ ನಿಂತಿತ್ತು. ಮುಂದಿನ ರೀಡಿಂಗ್ ಬಂದು ಸಾಲಿನ ನಡುವಿನ ಒಂದನ್ನು ಅಳಿಸಿ ಅಲ್ಲಿ ಕೂರುತ್ತಿತ್ತು. ಮತ್ತೆ ತಿರುಗಿಸಿದಾಗ ಇನ್ನಷ್ಟು ಕಲಸು. ತಮಾಷೆಯೆಂದರೆ ಹೊಸ ರೀಡಿಂಗ್ ಪ್ರತಿ ಸಲವೂ ಸರಿಯಾಗಿ ಕೊನೆಗೇ ಬರುತ್ತಿತ್ತು. ಹಾಗಾಗಿ ಪರದೆಯ ಅಂಕಿ ಯಾವತ್ತೂ ಸರಿ. ಬಾಣ ಮಾತ್ರ ಮನಸ್ಸಿಗೆ ಬಂದಂತೆ.

ಹೊರಗೆ ಬಂದು ಪದ್ಮನಾಭರಿಗೆ ಹೇಳಿದೆ, “ಬಾಣ ಸುಳ್ಳು. ಮೇಲೆ ನೀರು ಏರ್ತಾ ಉಂಟು. ಚೈನ್ ತೆಗೀಬೇಡಿ.”

ಅವರು ನನ್ನನ್ನೂ ಸಾಲು ನಿಂತ ವಾಹನಗಳನ್ನೂ ನೋಡಿದರು. “ಕೇಳಿದ್ರೆ ನೀವು ಹೇಳಿದ್ದು ಅಂತ ಹೇಳ್ಲಾ?”

“ಹೇಳಿ. ನನ್ನ ಹೆಸರೇ ಹೇಳಿ.”

ಹಾಗೆ ಹೇಳಿದೆನೇನೋ ನಿಜ. ಬಾಣ ಸುಳ್ಳು ಎಂಬುದಷ್ಟೇ ಖಚಿತ. ಅಂಕಿ ನಿಜ ಎಂಬುದಕ್ಕೆ ನನ್ನಲ್ಲಿ ಪುರಾವೆ ಇರಲಿಲ್ಲ. ಕೊಂಬೆಯೋ ನೊರೆಯೋ ಆಗಿದ್ದರೆ ಅಂಕಿ ಒಮ್ಮೆಲೇ ಹಾರಬೇಕಿತ್ತು, ಇದು ಹಂತ ಹಂತವಾಗಿ ಏರಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಒಳ್ಳೆಯ ತರ್ಕ. ಆದರೆ ಡಯಾಲಿಸಿಸ್ ತಪ್ಪಿದ ಹೆಂಗಸಿನ ಎದುರು ನಿಂತಾಗ ಒಳ್ಳೆಯ ತರ್ಕ ಎಷ್ಟು ತೆಳ್ಳಗೆ ಕಾಣುತ್ತದೆ ಎಂಬುದು ಆಗ ಗೊತ್ತಾಯಿತು.

ಲೋಕಯ್ಯ ಗೌಡರು ದನಿ ಏರಿಸಿದರು. “ನಿಮ್ಮದೇ ಮೆಷಿನು. ನಿನ್ನೆವರೆಗೆ ಅದನ್ನೇ ನಂಬಿ ಅಂದ್ರಿ. ಇವತ್ತು ಅದೇ ದಾಟು ಅಂತ ಹೇಳಿದ್ರೆ ನಂಬ್ಬೇಡಿ ಅಂತೀರಿ. ನಾವು ಯಾರನ್ನು ನಂಬುದು?”

ನಾನು ಹಿಂದಿನ ತಿರುವಿನ ಕಡೆ ಕೈ ತೋರಿಸಿದೆ. “ಕಡಬ ಪೇಟೆಗೆ ಸುತ್ತಿ ಹೋಗಿ ಗೌಡ್ರೆ. ತಡ ಆಗ್ತದೆ, ಆದ್ರೆ ಮುಟ್ತೀರಿ.”

“ಸುತ್ತಿ ಹೋಗ್ಲಿಕ್ಕೆ ಆ ರಸ್ತೆ ನೋಡಿದ್ದೀರಾ ನೀವು? ಇವಳು ಕೂತುಕೊಳ್ಬೇಕಲ್ಲ ಆ ಗುಂಡಿಗಳಲ್ಲಿ!”

ಆಗ ಜೀಪಿನೊಳಗಿನಿಂದ ಜಾನಕಿ ಕೈಸನ್ನೆ ಮಾಡಿ ನನ್ನನ್ನು ಕರೆದರು. ಹತ್ತಿರ ಹೋದೆ. ಉಸಿರು ಎಳೆದುಕೊಳ್ಳುತ್ತ ಕೇಳಿದರು:

“ನಿಮ್ಮ ಅಮ್ಮ ಇಲ್ಲಿ ಕೂತಿದ್ರೆ, ದಾಟಿಸ್ತಿದ್ರಾ?”

“ಇಲ್ಲ” ಎಂದೆ. ಯೋಚಿಸದೆ ಬಂದ ಉತ್ತರ ಅದು.

ಅವರು ಗಂಡನ ಕಡೆ ತಿರುಗಿ, “ಸುತ್ತಿ ಹೋಗುವ” ಎಂದರು. ಗೌಡರು ಬಾಗಿಲನ್ನು ದಡ್ಡನೆ ಹಾಕಿಕೊಂಡು ಜೀಪನ್ನು ಹಿಂದೆ ಮುಂದೆ ಮಾಡಿ ತಿರುಗಿಸಿದರು. ಹೋಗುವಾಗ ನನ್ನ ಮುಖವನ್ನೂ ನೋಡಲಿಲ್ಲ.

ಅದರ ಬೆನ್ನಿಗೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕೋಣೆಗೆ ಹೋಗಿ ಪರದೆ ನೋಡುವುದು, ದಂಡೆಗೆ ಬಂದು ಹೊಳೆ ನೋಡುವುದು. ಪರದೆಯಲ್ಲಿ 2.3. ಹೊಳೆಯಲ್ಲಿ ಅಡಿಕಲ್ಲು. ಪರದೆಯಲ್ಲಿ 2.6. ಹೊಳೆಯಲ್ಲಿ ಅದೇ ಕಲ್ಲು, ಮೇಲೊಂದು ಕೊಕ್ಕರೆ ಬೇರೆ. ಒಬ್ಬ ಬೈಕಿನವನು ಚೈನಿನ ಬದಿಯಿಂದ ನುಸುಳಿ ಸೇತುವೆ ದಾಟಿಯೇ ಬಿಟ್ಟ. ಆಚೆ ದಡದಲ್ಲಿ ನಿಂತು ಕೈ ಬೀಸಿದ. ಈಚೆ ನಿಂತವರು ನಕ್ಕರು. “ಮೇಡಂ, ನಿಮ್ಮ ನೀರು ಎಲ್ಲಿಗೆ ಮುಟ್ಟಿತು?” ಎಂದು ರಿಕ್ಷಾದವರೊಬ್ಬರು ಕೇಳಿದರು. ಇನ್ನೊಬ್ಬರು ಪದ್ಮನಾಭರ ಕೈಯಿಂದ ಬೀಗದ ಕೈ ಕಸಿಯಲು ನೋಡಿದರು. ಪದ್ಮನಾಭ ಅದನ್ನು ಅಂಗಿಯ ಒಳಗಿನ ಜೇಬಿಗೆ ಇಳಿಬಿಟ್ಟು, ಚೈನಿನ ಎದುರು ಕಾಲು ಅಗಲಿಸಿ ನಿಂತರು.

ನಾನು ಮಾಡಿದ ಹಿಸಾಬಿನಲ್ಲಿ ನೀರು ಆಗಲೇ ಬರಬೇಕಿತ್ತು. ಬರಲಿಲ್ಲ. ಜೀಪು ಎಲ್ಲಿಯವರೆಗೆ ಹೋಗಿರಬಹುದು, ಈಗ ಫೋನ್ ಮಾಡಿ ವಾಪಸು ಕರೆಯಬಹುದಾ ಎಂದೆಲ್ಲ ಯೋಚನೆ ಬಂತು. ಅವರ ನಂಬರೂ ನನ್ನ ಹತ್ತಿರ ಇರಲಿಲ್ಲ.

ಆಗ ಫೋನ್ ಹೊಡೆದುಕೊಂಡಿತು. ಕುಶಾಲಪ್ಪ. ಗಾಳಿಮಳೆಯ ಸದ್ದಿನಲ್ಲಿ ಮಾತು ತುಂಡು ತುಂಡಾಗಿ ಕೇಳಿತು.

“ಅಕ್ಕ, ನೆಟ್‌ವರ್ಕ್ ಸಿಗ್ಲಿಕ್ಕೆ ಹೈವೇವರೆಗೆ ಓಡಿ ಬಂದೆ. ಇಲ್ಲಿ ಮಳೆ ಅಂದ್ರೆ ಮಳೆ. ಹೊಳೆ ಕೆಂಪಾಗಿದೆ, ಮರದ ದಿಮ್ಮಿ ಬರ್ತಾ ಉಂಟು. ಸೇತುವೆ ಓಪನ್ ಇದ್ರೆ ಬಂದ್ ಮಾಡ್ಲಿಕ್ಕೆ ಹೇಳಿ ಬೇಗ!”

“ಬಂದ್ ಉಂಟು ಕುಶಾಲಪ್ಪ” ಎಂದೆ. ಕೋಣೆಯ ಮೆಟ್ಟಿಲ ಮೇಲೆ ಕುಳಿತೆ.

ಮೊದಲು ಬಂದದ್ದು ನೀರಲ್ಲ, ತರಗೆಲೆ. ಕಂಬಗಳ ನಡುವೆ ಒಣ ಎಲೆ, ಕಡ್ಡಿ, ನೊರೆ ತೇಲಿ ಬಂದವು. ಕೊಕ್ಕರೆ ಹಾರಿತು. ಅಡಿಕಲ್ಲು ಕಾಣದಾಯಿತು. ನೀರಿನ ಬಣ್ಣ ಚಹದ ಬಣ್ಣಕ್ಕೆ ತಿರುಗಿತು. ಸಿನೆಮಾದಲ್ಲಿ ತೋರಿಸುವಂತೆ ಗೋಡೆಯ ಹಾಗೆ ಬರಲಿಲ್ಲ. ಸುಮ್ಮನೆ, ಅವಸರವೇ ಇಲ್ಲದಂತೆ, ಕಂಬ ಹತ್ತಿ ಬಂತು. ಹಾಸಿನ ಅಂಚಿಗೆ ಮುಟ್ಟಿದ ಮೇಲೆ ಮಾತ್ರ ವೇಗ ಗೊತ್ತಾಯಿತು. ಒಂದು ದಿಮ್ಮಿ ಬಂದು ಬಡಿದು ಬದಿಯ ಕಬ್ಬಿಣದ ಪೈಪನ್ನು ಬಗ್ಗಿಸಿ ಎಳೆದುಕೊಂಡು ಹೋಯಿತು. ಹಾರ್ನ್ ನಿಂತಿತ್ತು. ಆಚೆ ದಡದ ಬೈಕಿನವನು ಗಾಡಿಯನ್ನು ಮೇಲಕ್ಕೆ ತಳ್ಳುತ್ತಿದ್ದ.

ನಾನು ಸರಿಯಾಗಿದ್ದೆ ಎಂಬ ಖುಷಿ ನನಗೆ ಆಗಲಿಲ್ಲ. ತಲೆಯಲ್ಲಿ ಆಗಲೇ ಬೇರೆ ಓಟ ಶುರುವಾಗಿತ್ತು. ಇದೇ ಪ್ರೋಗ್ರಾಂ ಮಂಡೆಕೋಲಿನಲ್ಲೂ ಇದೆ, ಮರ್ಕಂಜದಲ್ಲೂ ಇದೆ. ಎಲ್ಲ ಕಡೆಯೂ ಬಾಣಗಳು ಬೇಕಾದ ಹಾಗೆ ತಿರುಗುತ್ತಿರಬಹುದು. ಎಲ್ಲ ಕಾವಲಿನವರಿಗೂ ಫೋನ್ ಮಾಡಿ, ಬಾಣ ನೋಡಬೇಡಿ, ಅಂಕಿ ಮಾತ್ರ ನೋಡಿ, ಹಿಂದಿನ ಅಂಕಿಗಿಂತ ಹೆಚ್ಚಾದರೆ ಚೈನ್ ಹಾಕಿ ಎಂದು ಹೇಳಿದೆ.

ಹರ್ಷಿತಾ ಆಗಲೇ ಪರಿಹಾರ ಹುಡುಕಿದ್ದಳು. ಅಳುತ್ತ ಕೂರುವವಳಲ್ಲ ಅವಳು. “ಅಕ್ಕ, ರೊಟೇಟ್ ಆದ ಮೇಲೆ ಗುರುತು ಸೊನ್ನೆ ಮಾಡುದು. ಒಂದೇ ಸಾಲು ಕೋಡ್. ಈಗಲೇ ಕಳಿಸ್ತೇನೆ.”

ಅವಳು ಹೇಳಿದ್ದು ಲೆಕ್ಕದ ಮಟ್ಟಿಗೆ ಪೂರ್ತಿ ಸರಿ. ಆದರೂ ನಾನು ಒಪ್ಪಲಿಲ್ಲ. ಸಾಲು ತಿರುಗುತ್ತಿರುವಾಗಲೇ ಹೊಸ ರೀಡಿಂಗ್ ಬಂದರೆ ಮತ್ತೆ ಮೂಲವೇ ಕೆಡುತ್ತದೆ. ಪ್ರತಿಯಲ್ಲಿ ತಪ್ಪಾದರೆ ಅದರ ಆಯುಷ್ಯ ಐದು ನಿಮಿಷ, ಮುಂದಿನ ಪ್ರತಿ ಸರಿಯಾಗಿ ಬರುತ್ತದೆ. ಮೂಲದಲ್ಲಿ ತಪ್ಪಾದರೆ ಅಲ್ಲಿಂದ ಮುಂದಿನದೆಲ್ಲ ತಪ್ಪು. “ರೊಟೇಟ್ ಕಾಪಿಯೇ ಬೇಕು. ಜಾಗ ಬೇರೆ ಕಡೆ ಹುಡುಕುವ” ಎಂದೆ. ಇಬ್ಬರೂ ಫೋನಿನಲ್ಲೇ ಪ್ರೋಗ್ರಾಂನ ಒಂದೊಂದು ಸಾಲು ಓದಿದೆವು. ಕಂಬದ ಪೆಟ್ಟಿಗೆಯ ಪರದೆಯಲ್ಲಿ ಕಂಪನಿಯ ಲಾಂಛನ ತೋರಿಸಲು ಇಟ್ಟಿದ್ದ ಜಾಗ ಸಿಕ್ಕಿತು. ಲಾಂಛನ ತೆಗೆದುಹಾಕಿದೆವು. ಆಮೇಲೆ ಮಾಲೀಕರು ಅದಕ್ಕೆ ಸ್ವಲ್ಪ ಮುಖ ಸಿಂಡರಿಸಿದರು.

ಆ ಮಧ್ಯಾಹ್ನ ಗುಂಡ್ಯಕ್ಕೆ ಹೋಗಿ ಹೊಸ ಪ್ರೋಗ್ರಾಂ ಹಾಕಿದೆ. ಅಲ್ಲಿಂದ ಕುಶಾಲಪ್ಪನ ಜೊತೆ ಸುಳ್ಯದ ಕಡೆಗೆ, ಒಂದೊಂದೇ ಕಂಬ. ಮಳೆಯಲ್ಲಿ ಕೊಡೆ ಹಿಡಿದುಕೊಂಡು, ಲ್ಯಾಪ್‌ಟಾಪಿಗೆ ಪ್ಲಾಸ್ಟಿಕ್ ಹೊದಿಸಿ. ದಾರಿಯುದ್ದಕ್ಕೂ ನನ್ನ ಮನಸ್ಸಿನಲ್ಲಿದ್ದದ್ದು ಆ ಜೀಪು. ಮುಟ್ಟಿತೋ ಇಲ್ಲವೋ. ಪುತ್ತೂರಿನ ಯಾವ ಆಸ್ಪತ್ರೆ ಎಂದೂ ನಾನು ಕೇಳಿರಲಿಲ್ಲ.

ಮರುದಿನ ಪದ್ಮನಾಭರಿಂದ ಸುದ್ದಿ ಗೊತ್ತಾಯಿತು. ಗೌಡರ ಜೀಪು ತಡವಾಗಿ ಮುಟ್ಟಿತಂತೆ. ಜಾನಕಿಯ ಸರದಿಯನ್ನು ಬೇರೆಯವರಿಗೆ ಕೊಟ್ಟಾಗಿತ್ತು. ಆಸ್ಪತ್ರೆಯ ಬೆಂಚಿನಲ್ಲಿ ಕಾದು ಕಾದು, ಸಂಜೆ ಡಯಾಲಿಸಿಸ್ ಮೆಷಿನ್ ಖಾಲಿಯಾದ ಮೇಲೆ ಹಾಕಿದರಂತೆ. ಈಗ ಪರವಾಗಿಲ್ಲ.

ಕೆಲವು ವಾರ ಕಳೆದು ಸೇತುವೆಗೆ ಹೋದಾಗ ಲೋಕಯ್ಯ ಗೌಡರು ಸಿಕ್ಕಿದರು. ಜೀಪು ನಿಲ್ಲಿಸಿ, ಇಳಿಯದೆಯೇ ಹೇಳಿದರು, “ನನಗೆ ಆ ದಿನದ ಸಿಟ್ಟು ಇನ್ನೂ ಪೂರಾ ಇಳೀಲಿಲ್ಲ ಮೇಡಂ. ಆ ಬೆಂಚಲ್ಲಿ ಇವಳು ಪಟ್ಟ ಕಷ್ಟ ನೀವು ನೋಡ್ಲಿಲ್ಲ.” ಪಕ್ಕದಲ್ಲಿದ್ದ ಜಾನಕಿ ಅವರ ತೋಳಿಗೆ ಮೆಲ್ಲಗೆ ತಟ್ಟಿದರು. ಗೌಡರು ಹೊಳೆಯ ಕಡೆ ನೋಡಿ, “ಆದ್ರೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ರಲ್ಲ, ನಿಮ್ಮ ಮೆಷಿನೇ ತಪ್ಪು ಅಂತ. ಅದಕ್ಕೆ ನಾನು ತಿರುಗಿಸಿದ್ದು” ಎಂದು ಗೇರ್ ಹಾಕಿದರು.

ಆ ಮಳೆಗಾಲದ ನಂತರ ನಮ್ಮ ಕಂಪನಿಯಲ್ಲಿ ಪರೀಕ್ಷೆಯ ಕ್ರಮ ಬದಲಾಯಿತು. ಹರ್ಷಿತಾಳ ಪ್ರೋಗ್ರಾಂ ಆಗಲೂ ಪರೀಕ್ಷೆ ಪಾಸಾಗಿತ್ತು. ಡ್ರಮ್ಮಿನಲ್ಲಿ ನೀರು ತುಂಬಿಸಿ ನಿಲ್ಲಿಸಿ ಅಂಕಿ ಸರಿಯೇ ಎಂದು ನೋಡಿದ್ದೆವು. ನಿಂತ ನೀರಿನಲ್ಲಿ ಹನ್ನೆರಡೂ ರೀಡಿಂಗ್ ಒಂದೇ. ಅವುಗಳನ್ನು ಹೇಗೆ ಕಲಸಿದರೂ ವ್ಯತ್ಯಾಸ ಕಾಣುವುದಿಲ್ಲ. ಈಗ ಹರ್ಷಿತಾಳೇ ಪರೀಕ್ಷಾ ವಿಭಾಗದ ಮುಖ್ಯಸ್ಥೆ. ಅವಳು ಡ್ರಮ್ಮಿಗೆ ನಲ್ಲಿ ನೀರು ಬಿಟ್ಟು, ನೀರು ಏರುವಾಗ ಒಮ್ಮೆ, ತಳದ ಬಿರಡೆ ತೆಗೆದು ಇಳಿಯುವಾಗ ಒಮ್ಮೆ, ಪಕ್ಕದಲ್ಲೇ ನಿಂತು ಬಾಣ ನೋಡುತ್ತಾಳೆ. ಹೊಸದಾಗಿ ಸೇರಿದವರಿಗೆ ಅದು ಬೇಸರದ ಕೆಲಸ. ಅವಳು ಯಾರಿಗೂ ವಿನಾಯಿತಿ ಕೊಡುವುದಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ನೋಡಲು ಅನುಕೂಲವಾಗಲೆಂದು ಮಾಹಿತಿಯನ್ನು ಹೇಗೆ ಬೇಕಾದರೂ ಜೋಡಿಸಿ ತೋರಿಸೋಣ, ಆದರೆ ಹೊಳೆ ಕೊಟ್ಟ ಅಂಕಿ ಹೊಳೆ ಕೊಟ್ಟಲ್ಲೇ, ಕೊಟ್ಟ ಹಾಗೆಯೇ ಇರಬೇಕು. ನಾವು ಬರೆದ ಯಂತ್ರ ತಪ್ಪು ಹೇಳುತ್ತಿದೆ ಎಂದು ಗೊತ್ತಾದ ಮೇಲೆ, ಅದನ್ನು ಎದುರು ನಿಂತವರಿಗೆ ಬಾಯಿಬಿಟ್ಟು ಹೇಳಬೇಕು, ಅವರು ಎಷ್ಟೇ ಅವಸರದಲ್ಲಿದ್ದರೂ.